ಸರ್ವೆ ನಂಬರ್ ಸೊನ್ನೆ: ಕಛ್‌ನ ರಣ್‌ನಲ್ಲಿ ನೋಡಬೇಕಾದದ್ದು

ನಮ್ಮಲ್ಲಿ ಯಾವ ಜಾಗ ತೋರಿಸಿದರೂ ಅದಕ್ಕೊಂದು ಸರ್ವೆ ನಂಬರ್ ಇರುತ್ತದೆ. ಹೊಲಕ್ಕೆ ಇದೆ, ಗೋಮಾಳಕ್ಕೆ ಇದೆ, ಕೆರೆಯಂಗಳಕ್ಕೆ ಇದೆ, ಸ್ಮಶಾನಕ್ಕೂ ಇದೆ. ಗುಜರಾತಿನಲ್ಲಿ ಚಿಕ್ಕ ರಣ್ ಅಂತ ಒಂದು ಪ್ರದೇಶ ಇದೆ. ಸುಮಾರು 5,000 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡದು. ಅಷ್ಟೂ ನೆಲಕ್ಕೆ ಕಂದಾಯದ ಲೆಕ್ಕದಲ್ಲಿ ಬಹಳ ಕಾಲ ಇದ್ದದ್ದು ಒಂದೇ ನಂಬರ್. ಸೊನ್ನೆ. ಯಾರೂ ಅಳೆಯಲಿಲ್ಲ, ಯಾರ ಹೆಸರಿಗೂ ಬರೆಯಲಿಲ್ಲ. ಅದರ ಪಕ್ಕದಲ್ಲೇ, ಪಾಕಿಸ್ತಾನದ ಗಡಿಯವರೆಗೂ ಹಬ್ಬಿಕೊಂಡಿರುವ ದೊಡ್ಡ ರಣ್ ಇದೆ. ಅದು ಇದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ದೊಡ್ಡದು.

ಕಛ್‌ಗೆ ಹೋಗಿ ಬಂದವರನ್ನು ಕೇಳಿ. 'ಬೆಳ್ಳಗೆ ಕಾಣುತ್ತೆ, ಏನೂ ಇಲ್ಲ, ಹುಣ್ಣಿಮೆ ರಾತ್ರಿ ಚೆನ್ನಾಗಿರುತ್ತೆ' ಅನ್ನುತ್ತಾರೆ. ಹುಣ್ಣಿಮೆ ರಾತ್ರಿ ಚೆನ್ನಾಗಿರುತ್ತದೆ ನಿಜ. ಆದರೆ 'ಏನೂ ಇಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಏನೂ ಇಲ್ಲ ಅಂತ ಬಗೆದಿದ್ದರಿಂದಲೇ ಆ ನೆಲಕ್ಕೂ ಅಲ್ಲಿನ ಜನರಿಗೂ ತುಂಬಾ ಪೆಟ್ಟು ಬಿದ್ದಿದೆ. ಇವತ್ತಿನ ಭಾಷಣದಲ್ಲಿ ನಾನು ಹೇಳುವುದೆಲ್ಲ ಅದರ ಸುತ್ತಲೇ.

ಮೊದಲು ಈ ರಣ್ ಅಂದರೆ ಏನು ಅಂತ ನೋಡೋಣ. ಮರುಭೂಮಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಮರಳಿನ ದಿಬ್ಬ, ಅಲ್ವಾ? ಅದು ಜೈಸಲ್ಮೇರ್ ಕಡೆ. ರಣ್‌ನಲ್ಲಿ ದಿಬ್ಬಗಳೇ ಇಲ್ಲ. ನೆಲ ಪೂರ್ತಿ ಚಪ್ಪಟೆ, ಸಮುದ್ರ ಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರ. ಮುಂಗಾರಿನಲ್ಲಿ ನೈಋತ್ಯದ ಗಾಳಿ ಜೋರಾಗಿ ಬೀಸಿದಾಗ ಸಮುದ್ರದ ನೀರು ಕೊಲ್ಲಿಗಳ ಮೂಲಕ ಒಳಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಅರಾವಳಿಯಿಂದ ಲೂನಿ ನದಿ, ಚಿಕ್ಕ ರಣ್ ಕಡೆಗೆ ಬನಾಸ್, ರೂಪೇಣ್ ನದಿಗಳು ಮಳೆನೀರು ತರುತ್ತವೆ. ಉಪ್ಪು ನೀರು, ಸಿಹಿ ನೀರು ಎರಡೂ ಸೇರಿ ಇಡೀ ಬಯಲು ಆಳವಿಲ್ಲದ ಕೆರೆಯಾಗುತ್ತದೆ. ಮಳೆ ನಿಂತ ಮೇಲೆ ನೀರು ಹರಿದು ಹೋಗಲು ಇಳಿಜಾರೇ ಇಲ್ಲ. ನಿಂತಲ್ಲೇ ಆರುತ್ತದೆ. ಚಳಿಗಾಲದ ಹೊತ್ತಿಗೆ ಉಪ್ಪು ಮಾತ್ರ ಉಳಿಯುತ್ತದೆ.

ಆ ಉಪ್ಪಿನ ಮೇಲೆ ಕೂತು ಹತ್ತಿರದಿಂದ ನೋಡಬೇಕು. ದೂರಕ್ಕೆ ಒಂದೇ ಹಾಸು ಕಂಡರೂ ಹತ್ತಿರ ಹೋದರೆ ಐದು ಮೂಲೆ, ಆರು ಮೂಲೆಯ ಬಿಲ್ಲೆಗಳು. ಅಂಚುಗಳು ಸ್ವಲ್ಪ ಮೇಲಕ್ಕೆ ಎದ್ದಿರುತ್ತವೆ. ಕೆಳಗಿನ ಕೆಸರಿನಿಂದ ಉಪ್ಪುನೀರು ಮೇಲಕ್ಕೆ ಹೀರಿಕೊಂಡು ಬಂದು, ಬಿರುಕುಗಳಲ್ಲಿ ಆರಿ, ಹರಳು ಬೆಳೆದು ಬೆಳೆದು ಅಂಚನ್ನು ತಳ್ಳಿರುತ್ತದೆ. ಹೆಬ್ಬೆರಳಿನಿಂದ ಒಂದು ಬಿಲ್ಲೆ ಕಿತ್ತು ನೋಡಿ. ಅಡಿಯಲ್ಲಿ ಕಪ್ಪನೆಯ ಹಸಿ ಕೆಸರು. ಎಳೇ ಹರಳುಗಳು ಸೂಜಿ ಮೊನೆಯ ಹಾಗೆ ಚುಚ್ಚುತ್ತವೆ. ಮೇಲ್ಪದರ ಗಟ್ಟಿ ಇದೆ ಅಂತ ನಂಬಿ ಗಾಡಿ ಇಳಿಸಿದವರ ಗಾಡಿಗಳು ಅಚ್ಚಿನವರೆಗೆ ಹೂತುಹೋಗುವುದು ಇದಕ್ಕೇ.

ಈ ಬಯಲಿನ ಮಧ್ಯೆ ಅಲ್ಲಲ್ಲಿ ಎತ್ತರದ ನೆಲ ಇದೆ. ಅದನ್ನು ಅಲ್ಲಿ ಬೇಟ್ ಅನ್ನುತ್ತಾರೆ, ಅಂದರೆ ದ್ವೀಪ. ಪಚ್ಛಮ್, ಖದೀರ್, ಬೇಲಾ ಅಂತ ದೊಡ್ಡ ಬೇಟ್‌ಗಳಿವೆ. ಚಿಕ್ಕವು ಲೆಕ್ಕವಿಲ್ಲದಷ್ಟು. ಮಳೆಗಾಲದಲ್ಲಿ ಇವು ನಿಜವಾಗಿಯೂ ದ್ವೀಪಗಳೇ. ಉಪ್ಪು ಹತ್ತದ ನೆಲವಾದ್ದರಿಂದ ಹುಲ್ಲು, ಗಿಡ, ಊರು, ಪ್ರಾಣಿ ಎಲ್ಲಾ ಇರುವುದು ಇವುಗಳ ಮೇಲೆ.

ರಣ್ ಹುಟ್ಟಿದ್ದು ಹೇಗೆ ಅನ್ನುವುದಕ್ಕೆ ಅಲ್ಲಿ ಎರಡು ಕಥೆ ಇವೆ. ಒಂದು, ಧೀಣೋಧರ್ ಬೆಟ್ಟದ ಕಥೆ. ಧೋರಂನಾಥ ಅನ್ನುವ ಯೋಗಿ ಆ ಬೆಟ್ಟದ ಮೇಲೆ ತಲೆ ಕೆಳಗಾಗಿ ನಿಂತು ಹನ್ನೆರಡು ವರ್ಷ ತಪಸ್ಸು ಮಾಡಿದನಂತೆ. ಕಣ್ಣು ಬಿಟ್ಟರೆ ನೋಟ ಬಿದ್ದಲ್ಲಿ ಸುಟ್ಟುಹೋಗುತ್ತದೆ. ಊರುಗಳ ಕಡೆ ನೋಡಬಾರದು ಅಂತ ಅವನು ಸಮುದ್ರದ ಕಡೆ ಮುಖ ಮಾಡಿ ಕಣ್ಣು ಬಿಟ್ಟ. ಸಮುದ್ರ ಬತ್ತಿ ರಣ್ ಆಯಿತು. ಇನ್ನೊಂದು, ಭೂವಿಜ್ಞಾನಿಗಳು ಹೇಳುವುದು. ಇದು ಅರಬ್ಬಿ ಸಮುದ್ರದ ಒಂದು ತೋಳಾಗಿತ್ತು. ನದಿಗಳು ತಂದ ಹೂಳು ತುಂಬುತ್ತಾ ಬಂತು, ಭೂಕಂಪಗಳು ನೆಲವನ್ನು ಎತ್ತುತ್ತಾ ಬಂದವು, ಸಮುದ್ರ ಹಿಂದಕ್ಕೆ ಸರಿಯಿತು. ಇಲ್ಲಿ ಮೊದಲು ಸಮುದ್ರ ಇತ್ತು ಅನ್ನುವುದರಲ್ಲಿ ಯೋಗಿಯ ಕಥೆಗೂ ವಿಜ್ಞಾನಕ್ಕೂ ಭಿನ್ನಾಭಿಪ್ರಾಯ ಇಲ್ಲ. ಅಂದಹಾಗೆ ಧೀಣೋಧರ್ ಕೂಡ ತಣ್ಣಗಾದ ಹಳೇ ಜ್ವಾಲಾಮುಖಿಯೇ.

ನೆಲ ಹೀಗೆ ಏಳುವುದು, ಕುಸಿಯುವುದು ಕೋಟ್ಯಂತರ ವರ್ಷದ ಹಿಂದಿನ ಮಾತು ಅಂದುಕೊಳ್ಳಬೇಡಿ. 1819ರಲ್ಲಿ ಏನಾಯಿತು ಕೇಳಿ.

ಆಗ ಸಿಂಧೂ ನದಿಯ ಪೂರ್ವದ ಒಂದು ಕವಲು ಕಛ್‌ನ ಪಶ್ಚಿಮದ ಅಂಚಿನಲ್ಲಿ ಹರಿದು ಕೋರಿ ಕೊಲ್ಲಿಗೆ ಸೇರುತ್ತಿತ್ತು. ಅದರ ನೀರಿನಲ್ಲಿ ಲಖಪತ್ ಸುತ್ತಮುತ್ತ ಭತ್ತ ಬೆಳೆಯುತ್ತಿದ್ದರು. ಹೌದು, ಈಗ ಉಪ್ಪು ಬಿಟ್ಟು ಬೇರೇನೂ ಕಾಣದ ಕಡೆ ಭತ್ತ. 1760ರ ದಶಕದಲ್ಲಿ ಸಿಂಧ್‌ನ ದೊರೆ ಗುಲಾಂ ಶಾ ಕಲ್ಹೋರಾ ಕಛ್ ಮೇಲೆ ದಂಡೆತ್ತಿ ಬಂದ. ಝಾರಾ ಯುದ್ಧದಲ್ಲಿ ಕಛ್‌ನವರು ಅಪಾರ ಸಂಖ್ಯೆಯಲ್ಲಿ ಸತ್ತರು. ಆಮೇಲೆ ಅವನು ಮೇಲ್ಗಡೆ ನದಿಗೆ ಒಡ್ಡು ಕಟ್ಟಿಸಿದ. ಗದ್ದೆಗಳು ಒಣಗಲು ಶುರುವಾಗಿದ್ದು ಅಲ್ಲಿಂದ. ಆದರೂ ವ್ಯಾಪಾರ ನಡೆಯುತ್ತಿತ್ತು. ಲಖಪತ್ ಬಂದರಿಗೆ ದೋಣಿಗಳು ಬರುತ್ತಿದ್ದವು. 1801ರಲ್ಲಿ ಕಛ್‌ನ ಸೇನಾನಿ ಜಮಾದಾರ್ ಫತೇ ಮಹಮ್ಮದ್ ಆ ಊರಿನ ಸುತ್ತ ಸುಮಾರು 7 ಕಿಲೋಮೀಟರ್ ಉದ್ದದ ಕೋಟೆ ಗೋಡೆ ಕಟ್ಟಿಸಿದ್ದ. ನದಿಯ ಮೇಲ್ಗಡೆ ಸಿಂದ್ರಿ ಅನ್ನುವ ಚಿಕ್ಕ ಕೋಟೆ ಇತ್ತು. ಅದು ಸುಂಕದ ಕಟ್ಟೆ.

1819ರ ಜೂನ್ 16ರ ಸಂಜೆ ಭೂಮಿ ನಡುಗಿತು. ಸಿಂದ್ರಿ ಇದ್ದ ನೆಲ ಕುಸಿಯಿತು. ಸಮುದ್ರ ನುಗ್ಗಿ ಬಂದು ಕೆಲವೇ ಗಂಟೆಗಳಲ್ಲಿ ಅಲ್ಲೊಂದು ದೊಡ್ಡ ಸರೋವರ ಆಯಿತು. ಕೋಟೆಯ ಒಂದು ಬುರುಜು ಮಾತ್ರ ಬೀಳದೆ ನಿಂತಿತ್ತು. ಕಾವಲಿನವರು ಅದರ ಮೇಲೆ ಹತ್ತಿಕೊಂಡು ರಾತ್ರಿ ಕಳೆದರು. ಮಾರನೇ ದಿನ ದೋಣಿಯಲ್ಲಿ ಅವರನ್ನು ಇಳಿಸಿಕೊಂಡು ಬಂದರು. ಅಲ್ಲಿಂದ ಉತ್ತರಕ್ಕೆ ನೋಡಿದರೆ, ಹಿಂದಿನ ದಿನ ಚಪ್ಪಟೆ ಇದ್ದ ಬಯಲಿನಲ್ಲಿ ಉದ್ದಕ್ಕೆ ಒಂದು ದಿಣ್ಣೆ ಎದ್ದಿತ್ತು. 80 ಕಿಲೋಮೀಟರಿಗೂ ಹೆಚ್ಚು ಉದ್ದ, ಕೆಲವು ಕಡೆ ಆರು ಮೀಟರ್ ಎತ್ತರ. ಜನ ಅದಕ್ಕೆ ಅಲ್ಲಾ ಬಂದ್, ಅಂದರೆ ದೇವರು ಕಟ್ಟಿದ ಒಡ್ಡು ಅಂತ ಕರೆದರು. ಆ ದಿಣ್ಣೆ ಸಿಂಧೂವಿನ ಕವಲಿಗೆ ಪೂರ್ತಿ ಅಡ್ಡ ನಿಂತಿತು. 1826ರಲ್ಲಿ ಸಿಂಧೂ ಪ್ರವಾಹ ಬಂದು ಒಮ್ಮೆ ಅದನ್ನು ಕೊರೆದು ಹರಿಯಿತು. ಅದರ ನಂತರ ಅಲೆಕ್ಸಾಂಡರ್ ಬರ್ನ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ ದೋಣಿಯಲ್ಲಿ ಸಿಂದ್ರಿಯವರೆಗೆ ಹೋಗಿ ನೋಡಿ ಬರೆದಿಟ್ಟ. ಭೂವಿಜ್ಞಾನಕ್ಕೆ ಬುನಾದಿ ಹಾಕಿದ ಚಾರ್ಲ್ಸ್ ಲಯಲ್ ಆ ವಿವರವನ್ನೂ ಮುಳುಗಿದ ಕೋಟೆಯ ಚಿತ್ರವನ್ನೂ ತನ್ನ ಪುಸ್ತಕದಲ್ಲಿ ಸೇರಿಸಿಕೊಂಡ. ಭೂಮಿಯ ಮೇಲ್ಮೈ ನಮ್ಮ ಕಣ್ಣೆದುರೇ ಬದಲಾಗುತ್ತದೆ ಅನ್ನುವುದಕ್ಕೆ ಯುರೋಪಿನವರಿಗೆ ಸಿಕ್ಕ ಒಳ್ಳೇ ಸಾಕ್ಷಿಗಳಲ್ಲಿ ಅದೂ ಒಂದು.

ನದಿ ಮತ್ತೆ ಮೊದಲಿನಂತೆ ಬರಲಿಲ್ಲ. ಲಖಪತ್ ಬಂದರು ಸತ್ತಿತು. ಈಗ ಹೋದರೆ ಆ ಏಳು ಕಿಲೋಮೀಟರ್ ಗೋಡೆ ಬಹುತೇಕ ಹಾಗೇ ಇದೆ. ಒಳಗೆ ಕೆಲವೇ ಮನೆಗಳು. ಒಂದು ದರ್ಗಾ ಇದೆ, ಕೆತ್ತನೆ ತುಂಬಿದ ಕಲ್ಲಿನ ಗೋರಿ ಇದೆ, ಗುರುನಾನಕರು ಪಶ್ಚಿಮದ ಕಡೆ ಯಾತ್ರೆ ಹೋಗುವಾಗ ತಂಗಿದ್ದರು ಅಂತ ನಂಬುವ ಗುರುದ್ವಾರ ಇದೆ. ಗುರುದ್ವಾರದ ದುರಸ್ತಿಗೆ 2004ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಗೋಡೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡಿ. ಅಲ್ಲಿ ಕಾಣುವ ಕೆಸರು ಬಯಲು ಒಂದು ಕಾಲದ ನದೀಮುಖ.

ಆ ದಿಕ್ಕಿಗೇ ಗಡಿ ಇರುವುದರಿಂದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1965ರ ಯುದ್ಧದ ಕಿಡಿ ಮೊದಲು ಹಾರಿದ್ದು ರಣ್‌ನಲ್ಲೇ, ಏಪ್ರಿಲ್ ತಿಂಗಳಲ್ಲಿ. ಸರ್ದಾರ್ ಪೋಸ್ಟ್ ಎಂಬಲ್ಲಿ ಸಿಆರ್‌ಪಿಎಫ್‌ನ ಸಣ್ಣ ತುಕಡಿ ಪಾಕಿಸ್ತಾನದ ಸೇನೆಯನ್ನು ತಡೆದು ನಿಂತಿತು. ಏಪ್ರಿಲ್ 9ನ್ನು ಅವರು ಈಗಲೂ ಶೌರ್ಯ ದಿನವಾಗಿ ಆಚರಿಸುತ್ತಾರೆ. ಆಮೇಲೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 1968ರಲ್ಲಿ ತೀರ್ಪು ಕೊಟ್ಟು, ವಿವಾದದ ನೆಲದಲ್ಲಿ ಸುಮಾರು ಶೇ 90ರಷ್ಟು ಭಾರತಕ್ಕೆ ಅಂತ ಹೇಳಿತು. ಅಲ್ಲಿ ನಡೆದ ವಾದ ಏನು ಗೊತ್ತಾ? ರಣ್ ನೆಲವೋ ನೀರೋ ಅನ್ನುವುದೂ ಅದರಲ್ಲಿ ಒಂದು. ನೀರು ಅಂತಾದರೆ ಗಡಿ ನಟ್ಟನಡುವೆ ಬರಬೇಕು ಅನ್ನುವುದು ಪಾಕಿಸ್ತಾನದ ವಾದ.

ಈಗ ಧೋಲಾವೀರಾಕ್ಕೆ ಬರೋಣ. ನನಗೆ ಕಛ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಜಾಗ. ಖದೀರ್ ಬೇಟ್ ಮೇಲಿರುವ ಹರಪ್ಪ ಕಾಲದ ನಗರ. ಸುಮಾರು 5,000 ವರ್ಷ ಹಿಂದೆ ಶುರುವಾಗಿ, ಸಾವಿರದೈನೂರು ವರ್ಷ ಬದುಕಿದ ಊರು. 1960ರ ದಶಕದಲ್ಲಿ ಅಲ್ಲಿನ ಊರಿನವರೇ ಆದ ಶಂಭುದಾನ್ ಗಢವಿ ಇಲ್ಲೇನೋ ಇದೆ ಅಂತ ಗುರುತಿಸಿದರು. ಪುರಾತತ್ವ ಇಲಾಖೆಯ ಜಗತ್ ಪತಿ ಜೋಶಿ ಬಂದು ನೋಡಿದರು. 1990ರಿಂದ ಆರ್.ಎಸ್. ಬಿಷ್ಟ್ ನೇತೃತ್ವದಲ್ಲಿ ಅಗೆತ ನಡೆಯಿತು. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿ ಸಿಕ್ಕ ಫಲಕದ ಬಗ್ಗೆ ನೀವು ಓದಿರಬಹುದು. ಕೋಟೆಯ ಉತ್ತರದ ಬಾಗಿಲ ಹತ್ತಿರ, ಮರದ ಹಲಗೆಗೆ ಬಿಳಿ ಜಿಪ್ಸಂ ತುಂಡುಗಳನ್ನು ಕೂರಿಸಿ ಮಾಡಿದ ಹತ್ತು ದೊಡ್ಡ ಅಕ್ಷರಗಳು. ಒಂದೊಂದೂ ಒಂದು ಅಡಿಗಿಂತ ಎತ್ತರ. ಹಲಗೆ ಕೊಳೆತು ಹೋಗಿದೆ, ಅಕ್ಷರ ಉಳಿದಿವೆ. ಓದಲು ಇನ್ನೂ ಯಾರಿಗೂ ಬಂದಿಲ್ಲ. ಆದರೆ ಅಷ್ಟು ದೊಡ್ಡದಾಗಿ ಬರೆದು ಬಾಗಿಲಿಗೆ ಹಾಕಿದ್ದಾರೆ ಅಂದರೆ ಹೋಗಿ ಬರುವವರಲ್ಲಿ ಓದಬಲ್ಲವರು ಇದ್ದರು ಅಂತಲ್ವಾ? ಇದನ್ನು ಯೋಚಿಸಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಧೋಲಾವೀರಾದ ಜೀವಾಳ ಇರುವುದು ನೀರಿನ ಲೆಕ್ಕದಲ್ಲಿ. ಊರಿನ ಎರಡು ಪಕ್ಕಕ್ಕೆ ಎರಡು ಹಳ್ಳ, ಮನ್ಸರ್ ಮತ್ತು ಮನ್‌ಹರ್. ಮಳೆ ಬಂದಾಗ ಮಾತ್ರ ಹರಿಯುತ್ತವೆ. ಆ ಜನ ಹಳ್ಳಗಳಿಗೆ ಅಡ್ಡಗಟ್ಟೆ ಕಟ್ಟಿ ನೀರನ್ನು ಊರೊಳಕ್ಕೆ ತಿರುಗಿಸಿದರು. ನಗರದ ನೆಲ ಈಶಾನ್ಯದಿಂದ ನೈಋತ್ಯಕ್ಕೆ ಇಳಿಯುತ್ತದೆ. ಆ ಇಳಿಜಾರಿನ ಉದ್ದಕ್ಕೂ, ಕೋಟೆ ಗೋಡೆಯ ಒಳಗೆ ಸಾಲಾಗಿ ಕೊಳಗಳು. ಒಂದು ತುಂಬಿದರೆ ಮುಂದಿನದಕ್ಕೆ. ನಮ್ಮ ಬಯಲುಸೀಮೆಯಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಅನ್ನುತ್ತೇವಲ್ಲ, ಅದೇ ಲೆಕ್ಕ. ಪೂರ್ವದ ದೊಡ್ಡ ಕೊಳ ಸುಮಾರು 73 ಮೀಟರ್ ಉದ್ದ, 29 ಮೀಟರ್ ಅಗಲ, 10 ಮೀಟರ್ ಆಳ. ಮೂಲೆಯಲ್ಲಿ ಮೆಟ್ಟಿಲುಗಳಿವೆ. ದಕ್ಷಿಣದ ಕೊಳಗಳನ್ನು ಬಂಡೆಯಲ್ಲೇ ಕೊರೆದಿದ್ದಾರೆ. ಕೋಟೆಯ ಒಳಗೆ ಬಿದ್ದ ಮಳೆ ಕೂಡ ಪೋಲಾಗದ ಹಾಗೆ ಕಲ್ಲಿನ ಚರಂಡಿಗಳಿವೆ. ಬಗ್ಗಿಕೊಂಡು ಹೋಗುವಷ್ಟು ಎತ್ತರದವು. ಆ ಕೊಳದ ಮೆಟ್ಟಿಲ ಮೇಲೆ ನಿಂತಾಗ ನಾನು ನೋಡಿದ್ದು ಗೋಡೆಯ ಕಲ್ಲುಗಳನ್ನು. ಸಂದಿಗೆ ಸಂದಿ ಕೂರಿಸಿದ ರೀತಿ, ಎಷ್ಟು ತಲೆಮಾರು ಎಷ್ಟು ಸಲ ಹೂಳೆತ್ತಿ ಕೆಲಸ ಮಾಡಿರಬೇಕು! ಒಂದು ವರ್ಷ ಮಳೆ ಕೈಕೊಟ್ಟರೂ ಊರು ಉಳಿಯಬೇಕು ಅನ್ನುವ ಲೆಕ್ಕ ಅದು.

ಕೊನೆಯ ಹಂತದಲ್ಲಿ ಆ ನಗರ ಕುಗ್ಗಿತು. ದೊಡ್ಡ ಮನೆಗಳು ಹೋದವು. ಉಳಿದವರು ದುಂಡನೆಯ ಮನೆಗಳನ್ನು ಕಟ್ಟಿಕೊಂಡರು. ಈಗ ಕಛ್‌ನ ಹಳ್ಳಿಗಳಲ್ಲಿ ಭುಂಗಾ ಅನ್ನುವ ದುಂಡು ಮನೆಗಳಿವೆ. ಮಣ್ಣಿನ ಗೋಡೆ, ಮೇಲೆ ಶಂಕುವಿನ ಆಕಾರದ ಹುಲ್ಲಿನ ಚಾವಣಿ, ಒಳಗೆ ಗೋಡೆಯ ತುಂಬಾ ಕನ್ನಡಿ ಚೂರು ಕೂರಿಸಿದ ಜೇಡಿ ಮಣ್ಣಿನ ಚಿತ್ತಾರ. 2001ರ ಜನವರಿ 26ರ ಬೆಳಗ್ಗೆ ಭೂಕಂಪ ಆದಾಗ ಭುಜ್, ಅಂಜಾರ್, ಭಚಾವು ಪಟ್ಟಣಗಳು ನೆಲಸಮ ಆದವು. ಕಛ್‌ನಲ್ಲೇ ಸುಮಾರು 13,000 ಜನ ಸತ್ತರು. ಕಲ್ಲಿನ, ಕಾಂಕ್ರೀಟಿನ ಮನೆಗಳು ಬಿದ್ದ ಕಡೆ ಚೆನ್ನಾಗಿ ಕಟ್ಟಿದ ಭುಂಗಾಗಳು ನಿಂತವು. ದುಂಡು ಗೋಡೆಗೆ ಮೂಲೆ ಇಲ್ಲ, ಹಾಗಾಗಿ ನಡುಕದ ಹೊರೆ ಒಂದೇ ಕಡೆ ಬೀಳುವುದಿಲ್ಲ. ಚಾವಣಿಯೂ ಹಗುರ. ಆ ಭೂಕಂಪದ ನಂತರ ಕಟ್ಟಿದ ಹೊಸ ಊರುಗಳಲ್ಲಿ ಕೆಲವು ಕಡೆ ಎಂಜಿನಿಯರುಗಳು ಈ ದುಂಡು ಮನೆಯನ್ನೇ ಮತ್ತೆ ಬಳಸಿದರು. ಭುಜ್‌ನ ಗುಡ್ಡದ ಮೇಲೆ ಸ್ಮೃತಿವನ ಅನ್ನುವ ಸ್ಮಾರಕ 2022ರಲ್ಲಿ ತೆರೆದಿದೆ. ಅಲ್ಲಿಗೆ ಅರ್ಧ ದಿನವಾದರೂ ಇಟ್ಟುಕೊಳ್ಳಿ.

ಹಳೇ ನೆಲದ ಬಗ್ಗೆ ಆಸಕ್ತಿ ಇರುವವರಿಗೆ ಇನ್ನೆರಡು ಹೆಸರು ಹೇಳುತ್ತೇನೆ. ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಹಾವಿನ ಬೆನ್ನುಮೂಳೆಗಳನ್ನು ಐಐಟಿ ರೂರ್ಕಿಯ ವಿಜ್ಞಾನಿಗಳು ಅಧ್ಯಯನ ಮಾಡಿ 2024ರಲ್ಲಿ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. 4.7 ಕೋಟಿ ವರ್ಷ ಹಳೇದು. ಉದ್ದ 11ರಿಂದ 15 ಮೀಟರ್ ಇದ್ದಿರಬಹುದು ಅನ್ನುತ್ತಾರೆ. ಅದೇ ವರ್ಷ ಲೂನಾ ಅನ್ನುವ ಹಳ್ಳಿಯ ಪಕ್ಕದ, ಸುಮಾರು ಎರಡು ಕಿಲೋಮೀಟರ್ ಅಗಲದ ತಗ್ಗು ಉಲ್ಕೆ ಬಿದ್ದು ಆದದ್ದು ಅಂತ ಖಚಿತವಾಯಿತು. ಅದು ಬಿದ್ದು ಏಳು ಸಾವಿರ ವರ್ಷವೂ ಆಗಿಲ್ಲ.

ಲೂನಾ ಇರುವುದು ಬನ್ನಿ ಹುಲ್ಲುಗಾವಲಿನಲ್ಲಿ. ನಾನು ಮಾತಾಡಲೇಬೇಕು ಅಂತ ಬಂದಿರುವುದು ಈ ಬನ್ನಿಯ ಬಗ್ಗೆ. ದೊಡ್ಡ ರಣ್‌ಗೂ ಕಛ್‌ನ ಒಳನಾಡಿಗೂ ನಡುವೆ ಸುಮಾರು 2,500 ಚದರ ಕಿಲೋಮೀಟರ್ ಹುಲ್ಲು. ಅಲ್ಲಿ ಬದುಕುವವರು ಮಾಲಧಾರಿಗಳು, ಅಂದರೆ ದನ ಎಮ್ಮೆ ಸಾಕುವವರು. ಹಲವು ಸಮುದಾಯಗಳಿವೆ, ಹೆಚ್ಚಿನವರು ಮುಸ್ಲಿಮರು. ಎಷ್ಟೋ ತಲೆಮಾರಿನ ಹಿಂದೆ ಸಿಂಧ್ ಕಡೆಯಿಂದ ಬಂದವರು. ಅವರ ಬನ್ನಿ ಎಮ್ಮೆ ನೋಡಬೇಕು. ಕೊಂಬು ಎರಡು ಸುತ್ತು ಸುರುಳಿ. ಬಿಸಿಲಿಗೆ ಹಗಲು ಮೇಯುವುದಿಲ್ಲ. ಸಂಜೆ ತಾವೇ ಹೊರಟು, ರಾತ್ರಿಯೆಲ್ಲಾ ಹತ್ತಾರು ಕಿಲೋಮೀಟರ್ ಮೇಯ್ದು, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ತಾವೇ ಮನೆಗೆ ಬರುತ್ತವೆ. ಹಿಂದೆ ಕಾಯುವವರು ಬೇಕಿಲ್ಲ. 2010ರಲ್ಲಿ ಸರ್ಕಾರ ಇದನ್ನು ಪ್ರತ್ಯೇಕ ತಳಿ ಅಂತ ಒಪ್ಪಿತು. ಕರಾವಳಿ ಕಡೆ ಖರಾಯಿ ಅನ್ನುವ ಒಂಟೆ ತಳಿ ಇದೆ. ಅದು ಸಮುದ್ರದಲ್ಲಿ ಈಜಿಕೊಂಡು ಹೋಗಿ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್ ಮೇಯುತ್ತದೆ. ಅದನ್ನು ಒಪ್ಪಿದ್ದು 2015ರಲ್ಲಿ. ಈ ತಳಿಗಳನ್ನು ಬೆಳೆಸಿದವರು ಇದೇ ಜನ.

ಉಪ್ಪು ನೆಲದಲ್ಲಿ ಕುಡಿಯುವ ನೀರಿಗೆ ಅವರು ಮಾಡುವ ಉಪಾಯಕ್ಕೆ ವಿರ್ಡಾ ಅನ್ನುತ್ತಾರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬನ್ನಿಯ ಅಂತರ್ಜಲ ಉಪ್ಪು. ಆದರೆ ತಗ್ಗುಗಳಲ್ಲಿ ನಿಂತ ಮಳೆನೀರು ಕೆಳಗೆ ಇಂಗಿದಾಗ ಉಪ್ಪು ನೀರಿನ ಜೊತೆ ಕೂಡಲೇ ಬೆರೆಯುವುದಿಲ್ಲ. ಸಿಹಿ ನೀರು ಹಗುರ, ಅದು ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಕೆರೆ ಬತ್ತಿದ ಮೇಲೆ ಆ ತಗ್ಗಿನಲ್ಲೇ ಮೂರು ನಾಲ್ಕು ಮೀಟರಿನ ಕಿರುಬಾವಿ ತೋಡುತ್ತಾರೆ. ಜಾಸ್ತಿ ಆಳ ಹೋದರೆ ಕೆಟ್ಟಿತು, ಉಪ್ಪು ನೀರು ಬರುತ್ತದೆ. ತಳದಲ್ಲಿ ಮರದ ತುಂಡುಗಳನ್ನು ಚೌಕಾಕಾರದಲ್ಲಿ ಅಡ್ಡಡ್ಡ ಒಂದರ ಮೇಲೊಂದು ಜೋಡಿಸಿ, ಅದಕ್ಕೂ ಮಣ್ಣಿಗೂ ನಡುವೆ ಹುಲ್ಲು ತುರುಕುತ್ತಾರೆ. ಮಣ್ಣು ಕುಸಿಯುವುದಿಲ್ಲ, ನೀರು ಸೋಸಿಕೊಂಡು ಬರುತ್ತದೆ. ಪಕ್ಕದಲ್ಲಿ ದನಗಳಿಗೆ ಮಣ್ಣಿನ ತೊಟ್ಟಿ. ಒಂದು ವಿರ್ಡಾದ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗಿದರೆ ಇನ್ನೊಂದು ತೋಡುತ್ತಾರೆ. ಎಲ್ಲಿ ತೋಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಅವರ ತಿಳಿವಳಿಕೆ. ಯಾವ ಯಂತ್ರವೂ ಇಲ್ಲದೆ ಬಂದದ್ದು.

ಮಳೆಯನ್ನು ಅಲ್ಲಿನ ಜನ ಎಷ್ಟು ಕಾಯುತ್ತಾರೆ ಅಂದರೆ ಕಛ್‌ನವರ ಹೊಸ ವರ್ಷ ಬರುವುದೇ ಆಷಾಢ ಬಿದಿಗೆಗೆ, ಮುಂಗಾರು ಮುಟ್ಟುವ ಹೊತ್ತಿಗೆ. ಭುಜ್ ಪಟ್ಟಣದ ಹಮೀರ್‌ಸರ್ ಕೆರೆ ಕೋಡಿ ಬಿದ್ದರೆ ಊರಿಗೆ ರಜೆ. ಪೂಜೆ ಮಾಡಿ ಮೇಘಲಾಡು ಅಂತ ಲಾಡು ಹಂಚುತ್ತಾರೆ. ಕೆಆರ್‌ಎಸ್ ತುಂಬಿದಾಗ ಬಾಗಿನ ಕೊಡುವ ನಮಗೆ ಆ ಸಂತೋಷ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಬನ್ನಿಗೆ ಏನಾಯಿತು ನೋಡಿ. 1961ರಲ್ಲಿ ರಣ್‌ನ ಉಪ್ಪು ಮುಂದೆ ಬರದ ಹಾಗೆ ತಡೆಯಲು ಅಂತ ಅರಣ್ಯ ಇಲಾಖೆ ಸುಮಾರು 31,000 ಹೆಕ್ಟೇರಿನಲ್ಲಿ ಒಂದು ಗಿಡ ಹಾಕಿಸಿತು. ಅಲ್ಲಿ ಅದಕ್ಕೆ ಗಾಂಡೋ ಬಾವಳ್ ಅನ್ನುತ್ತಾರೆ. ನಿಮಗೆಲ್ಲ ಗೊತ್ತಿರುವ ಗಿಡವೇ, ಬಳ್ಳಾರಿ ಜಾಲಿ. ನಮ್ಮ ಉತ್ತರ ಕರ್ನಾಟಕದಲ್ಲಿ ಕೆರೆಯಂಗಳ, ಬೀಳು ಹೊಲ ಎಲ್ಲಾ ಅದೇ ತಾನೆ? ದಕ್ಷಿಣ ಅಮೆರಿಕದಿಂದ ಬಂದ ಗಿಡ. ಹಾಕಿದ್ದು ಒಂದು ಕಡೆ, ದನ ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡಿದ್ದು ಇಡೀ ಬನ್ನಿಗೆ. ಈಗ ಅರ್ಧಕ್ಕಿಂತ ಹೆಚ್ಚು ಹುಲ್ಲುಗಾವಲಿನಲ್ಲಿ ಜಾಲಿ ಹೊಕ್ಕಿದೆ. ಅದು ಬಂದಲ್ಲಿ ಹುಲ್ಲು ಹೋಯಿತು. ಹಸು ಸಾಕುವುದು ಕಷ್ಟವಾಯಿತು, ಜನ ಎಮ್ಮೆಗೆ ತಿರುಗಿಕೊಂಡರು. ಬದುಕಲು ದಾರಿ ಇಲ್ಲದವರು ಅದೇ ಜಾಲಿ ಕಡಿದು ಇದ್ದಿಲು ಸುಟ್ಟರು. ಹುಲ್ಲುಗಾವಲು ಅನ್ನುವುದು ಮರ ಇಲ್ಲದೆ ಖಾಲಿ ಬಿದ್ದ ಜಾಗ, ಅಲ್ಲಿ ಏನಾದರೂ ನೆಟ್ಟರೆ ಒಳ್ಳೇದು ಅನ್ನುವ ಎಣಿಕೆ ಇಲ್ಲಿಗೆ ತಂದು ನಿಲ್ಲಿಸಿತು. ಈಗ ಬನ್ನಿಯಲ್ಲಿ ಕೆಲವು ಕಡೆ ಜಾಲಿ ಕಿತ್ತು ಮತ್ತೆ ಹುಲ್ಲು ಬೆಳೆಸುತ್ತಿದ್ದಾರೆ. ನಮ್ಮ ಕಡೆಯ ಕಾವಲುಗಳ ಬಗ್ಗೆಯೂ ಇದೇ ಯೋಚನೆ ಬರಬೇಕು ಅನ್ನುವುದು ನನ್ನ ಆಸೆ.

ಪ್ರಾಣಿ ಪಕ್ಷಿಗಳ ವಿಷಯಕ್ಕೆ ಬರುತ್ತೇನೆ. ದೊಡ್ಡ ರಣ್‌ನ ಒಳಗೆ, ಜನ ಸುಲಭವಾಗಿ ಹೋಗಲಾರದ ಕಡೆ ಫ್ಲೆಮಿಂಗೊ ನಗರ ಅಂತಲೇ ಕರೆಯುವ ಜಾಗ ಇದೆ. ಮಳೆನೀರು ಹದವಾಗಿ ನಿಂತ ವರ್ಷ ಫ್ಲೆಮಿಂಗೊಗಳು ಅಲ್ಲಿ ಸೇರಿ, ಕೊಕ್ಕಿನಿಂದ ಕೆಸರು ಎತ್ತಿ ಎತ್ತಿ ಚಿಕ್ಕ ಗುಡ್ಡೆಯಂಥ ಗೂಡು ಮಾಡಿ, ಒಂದೊಂದೇ ಮೊಟ್ಟೆ ಇಡುತ್ತವೆ. ನೀರು ಕಮ್ಮಿಯಾದರೂ ಕಷ್ಟ, ಜಾಸ್ತಿಯಾಗಿ ಗೂಡು ಮುಳುಗಿದರೂ ಕಷ್ಟ. 1945ರಲ್ಲಿ ಪಕ್ಷಿವಿಜ್ಞಾನಿ ಸಲೀಂ ಅಲಿ ಅಲ್ಲಿಗೆ ಹೋಗಿ ನೋಡಿ, ಸುಮಾರು ಐದು ಲಕ್ಷ ಹಕ್ಕಿ ಇರಬಹುದು ಅಂತ ಅಂದಾಜು ಮಾಡಿದರು. ನಮ್ಮಂಥವರು ಅಲ್ಲಿಗೆ ಹೋಗುವುದು ಬೇಡ, ಹೋಗಬಾರದು ಕೂಡ. ಚಳಿಗಾಲದಲ್ಲಿ ಛಾರಿ ಢಂಢ್ ಸರೋವರದ ದಡದಲ್ಲಿ ಸಾವಿರಾರು ಕ್ರೌಂಚಗಳನ್ನೂ ಫ್ಲೆಮಿಂಗೊಗಳನ್ನೂ ದೂರದಿಂದ ನೋಡಬಹುದು.

ಚಿಕ್ಕ ರಣ್‌ನಲ್ಲಿ ಇರುವುದು ಕಾಡುಕತ್ತೆ. ಅಲ್ಲಿ ಘುಡ್‌ಖರ್ ಅನ್ನುತ್ತಾರೆ. ಭಾರತದ ಕಾಡುಕತ್ತೆಗೆ ಉಳಿದಿರುವ ನೆಲೆ ಇದೊಂದೇ. ರೋಗ ಬಂದು 1960ರ ದಶಕದಲ್ಲಿ ಕೆಲವು ನೂರಕ್ಕೆ ಇಳಿದಿತ್ತು. 1973ರಲ್ಲಿ ಅಭಯಾರಣ್ಯ ಆಯಿತು. 2024ರ ಗಣತಿಯಲ್ಲಿ 7,672. ಇಷ್ಟು ಚೆನ್ನಾಗಿ ಚೇತರಿಸಿಕೊಂಡ ಪ್ರಾಣಿಗಳು ನಮ್ಮ ದೇಶದಲ್ಲಿ ಕಮ್ಮಿ.

ಅದೇ ನೆಲದಲ್ಲಿ ಅಗರಿಯಾಗಳು ಉಪ್ಪು ಬೆಳೆಯುತ್ತಾರೆ. ಮಳೆನೀರು ಇಳಿದ ತಕ್ಷಣ ಸಂಸಾರ ಸಮೇತ ರಣ್‌ಗೆ ಬಂದು, ಬೇಸಿಗೆ ಮುಗಿಯುವವರೆಗೆ ಅಲ್ಲೇ ಗುಡಿಸಲು ಹಾಕಿಕೊಂಡಿರುತ್ತಾರೆ. ಬಾವಿಯ ನೀರು ಪಂಪಿನಿಂದ ಮೇಲೆತ್ತಿ ಪಾತಿಯಿಂದ ಪಾತಿಗೆ ಬಿಡುತ್ತಾ ಹೋಗುತ್ತಾರೆ. ಉಪ್ಪಿನ ಗಟ್ಟಿತನವನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಸಮುದ್ರದ ನೀರು 3 ಡಿಗ್ರಿ ಇದ್ದರೆ ಇಲ್ಲಿನ ಬಾವಿ ನೀರು ಅದರ ಹಲವು ಪಟ್ಟು. 24, 25 ಡಿಗ್ರಿಗೆ ಬಂದಾಗ ಹರಳು ಕಟ್ಟುತ್ತದೆ. ಆಮೇಲೆ ದಂತಾರೋ ಅನ್ನುವ ಮರದ ಕುಂಟೆಯಿಂದ ದಿನಾ ಎಳೆಯಬೇಕು, ಇಲ್ಲದಿದ್ದರೆ ಹರಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ನೀವು ಉಪ್ಪಿನ ಆಗರ ನೋಡಿದ್ದರೆ ಕೆಲಸದ ಅಂದಾಜು ಬರುತ್ತದೆ. ಆದರೆ ಅಲ್ಲಿ ಪಕ್ಕದಲ್ಲೇ ಊರಿದೆ, ನೆರಳಿದೆ. ಇಲ್ಲಿ ಕುಡಿಯುವ ನೀರೂ ಟ್ಯಾಂಕರಿನಲ್ಲಿ ಬರಬೇಕು. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಗುಜರಾತಿನದು. ಬೆಳೆದವರಿಗೆ ಸಿಗುವುದು ಕಿಲೋಗೆ ಪೈಸೆಗಳ ಲೆಕ್ಕ. ಈಚೆಗೆ ಡೀಸೆಲ್ ಪಂಪಿನ ಬದಲು ಸೋಲಾರ್ ಪಂಪ್ ಬಂದು ಖರ್ಚು ಸ್ವಲ್ಪ ಇಳಿದಿದೆ. ಆದರೆ ನೆಲಕ್ಕೆ ದಾಖಲೆ ಇಲ್ಲ. ಶುರುವಿನಲ್ಲಿ ಹೇಳಿದ ಆ ಸೊನ್ನೆ ನಂಬರಿನ ಕಷ್ಟ ಬಂದು ಮುಟ್ಟುವುದು ಇವರಿಗೆ. ಅಜ್ಜ, ಅಪ್ಪ ಉಪ್ಪು ಬೆಳೆದ ಪಾತಿ ನಮ್ಮದು ಅಂತ ತೋರಿಸಲು ಒಂದು ಕಾಗದ ಇಲ್ಲ. ಅಭಯಾರಣ್ಯದ ಹಕ್ಕುಗಳ ಪಟ್ಟಿ ಮಾಡುವಾಗ ಎಷ್ಟೋ ಹೆಸರು ಬಿಟ್ಟುಹೋದವು. ಕತ್ತೆಯೂ ಅಗರಿಯಾನೂ ಇಷ್ಟು ಕಾಲ ಒಂದೇ ನೆಲದಲ್ಲಿ ಬಾಳಿದ್ದಾರೆ, ಕತ್ತೆಯ ಸಂಖ್ಯೆ ಏರಿದೆ. ಇಬ್ಬರಲ್ಲಿ ಒಬ್ಬರನ್ನು ಆರಿಸಿ ಅನ್ನುವ ಮಾತೇ ಬರಬಾರದು.

ಇನ್ನೊಂದು ದೊಡ್ಡ ಕೆಲಸ ಈಗ ಖಾವಡಾ ಹತ್ತಿರ ನಡೆಯುತ್ತಿದೆ. 30 ಗಿಗಾವಾಟ್ ಗುರಿಯ ಸೋಲಾರ್ ಮತ್ತು ಗಾಳಿ ವಿದ್ಯುತ್ ಪಾರ್ಕ್, 700 ಚದರ ಕಿಲೋಮೀಟರಿಗೂ ಹೆಚ್ಚು ಜಾಗ. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಸುಮಾರು 2 ಗಿಗಾವಾಟ್, ಅಲ್ಲಿಗೆ ಹೋಲಿಸಿ. ಸೂರ್ಯನ ವಿದ್ಯುತ್ ಬೇಕು, ನನಗೆ ಅನುಮಾನ ಇಲ್ಲ. ಆದರೆ ಆ ವಿದ್ಯುತ್ ಹೊರುವ ತಂತಿಗಳು ಎರೆಭೂತಕ್ಕೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ದೊಡ್ಡ ಗಂಡಾಂತರ. ಭಾರದ ಹಕ್ಕಿ, ಎದುರಿಗಿರುವ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಕಛ್‌ನ ನಲಿಯಾದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ನಮ್ಮ ಸಿರುಗುಪ್ಪದ ಕಥೆಯೂ ಅದೇ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಲು ಹೇಳಿತ್ತು, 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ಮಾಡಿತು. ತಂತಿ ಯಾವ ದಾರಿಯಲ್ಲಿ ಹೋಗಬೇಕು ಅಂತ ನಕ್ಷೆ ಬರೆಯುವಾಗ ಆ ಹುಲ್ಲಿನಲ್ಲಿ ಯಾರಿದ್ದಾರೆ ಅಂತ ಮೊದಲು ಕೇಳಬೇಕು. ನಾನು ಕೇಳುತ್ತಿರುವುದು ಅಷ್ಟೇ.

ಈ ಭಾಷಣ ಮುಗಿದ ಮೇಲೆ ಹಲವರು ಯಾವಾಗ ಹೋಗಬೇಕು, ಹೇಗೆ ಹೋಗಬೇಕು ಅಂತ ಕೇಳಿದರು. ಅದನ್ನೂ ಇಲ್ಲೇ ಬರೆಯುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ನವೆಂಬರಿನಲ್ಲಿ ಕೆಲವು ವರ್ಷ ನೀರು ಪೂರ್ತಿ ಆರಿರುವುದಿಲ್ಲ. ಬೆಂಗಳೂರಿನಿಂದ ಗಾಂಧಿಧಾಮಕ್ಕೆ ವಾರಕ್ಕೊಮ್ಮೆ ನೇರ ರೈಲಿದೆ. ಅಲ್ಲಿಂದ ಭುಜ್ ಹತ್ತಿರ. ಬಿಳಿ ರಣ್ ನೋಡಲು ಧೋರ್ಡೋಗೆ ಹೋಗುತ್ತಾರೆ. ಅಲ್ಲಿ ಚಳಿಗಾಲದಲ್ಲಿ ನಡೆಯುವ ರಣ್ ಉತ್ಸವದ ಡೇರೆಗಳಲ್ಲಿ ಉಳಿಯುವುದು ನಿಮ್ಮಿಷ್ಟ. ಹೋಡ್ಕಾ ಥರದ ಹಳ್ಳಿಗಳಲ್ಲಿ ಊರಿನವರೇ ನಡೆಸುವ ಭುಂಗಾಗಳಲ್ಲಿ ಉಳಿದರೆ ಮಾತಿಗೆ ಜನ ಸಿಗುತ್ತಾರೆ, ವಿರ್ಡಾ ಎಲ್ಲಿದೆ ಅಂತಲೂ ತೋರಿಸುತ್ತಾರೆ. ಧೋಲಾವೀರಾಕ್ಕೆ ಈಗ ಖಾವಡಾ ಕಡೆಯಿಂದ ರಣ್ ಸೀಳಿಕೊಂಡು ಹೋಗುವ ರಸ್ತೆ ಆಗಿದೆ. ಮೊದಲಿನ ಸುತ್ತು ಬಳಸು ತಪ್ಪಿದೆ. ಅಲ್ಲೊಂದು ರಾತ್ರಿ ಉಳಿಯಿರಿ, ಒಂದೇ ದಿನದಲ್ಲಿ ಓಡಿ ಬರಬೇಡಿ. ಗಾಡಿಯನ್ನು ಉಪ್ಪಿನ ಮೇಲೆ ಇಳಿಸಬೇಡಿ, ಡ್ರೋನ್ ಹಾರಿಸುವ ಮುಂಚೆ ಕೇಳಿ, ಗಡಿ ಪ್ರದೇಶ. ಗುರುತಿನ ಚೀಟಿ ಜೊತೆಗಿರಲಿ, ಭಿರಂಡಿಯಾರಾ ಚೆಕ್‌ಪೋಸ್ಟಿನಲ್ಲಿ ಪರವಾನಗಿ ತೆಗೆದುಕೊಳ್ಳಬೇಕು. ಆ ಊರಿನ ರಸ್ತೆ ಪಕ್ಕದ ಅಂಗಡಿಗಳಲ್ಲಿ ದೊಡ್ಡ ಬಾಣಲೆಯಲ್ಲಿ ಹಾಲು ಕಾಯಿಸಿ ಖೋವಾ ಮಾಡುತ್ತಿರುತ್ತಾರೆ. ರಾತ್ರಿಯೆಲ್ಲಾ ಮೇಯ್ದು ಬಂದ ಅದೇ ಬನ್ನಿ ಎಮ್ಮೆಗಳ ಹಾಲು. ಬಿಸಿ ಇರುವಾಗಲೇ ತಿನ್ನಿ.